ಟ್ಯಾಂಕಿನ ತಳ ಎಷ್ಟು ಎತ್ತರದಲ್ಲಿದೆ?

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮೇಲಿನ ಬೀದಿಯ ಕೊನೆಯ ನಲ್ಲಿ ಎರಡು ಸಲ ಕೆಮ್ಮಿತು, ಒಂದು ಸಲ ಸೀನಿತು, ಅರ್ಧ ಬಕೆಟ್ ನೀರು ಕೊಟ್ಟು ಬಾಯಿ ಮುಚ್ಚಿಕೊಂಡಿತು.

ನಲ್ಲಿಯ ಮುಂದೆ ನಿಂತಿದ್ದ ಹೆಂಗಸು ಅದರ ತಲೆಯ ಮೇಲೆ ಒಂದು ಮೊಟಕಿದಳು. ಊರೆಲ್ಲ ಅವಳನ್ನು ಲಾಂಡ್ರಿಯಕ್ಕ ಎಂದೇ ಕರೆಯುತ್ತಿತ್ತು. ಬೀದಿಯ ಕೊನೆಯ ಮನೆಯ ಮುಂದಿನ ಕೋಣೆಯೇ ಅವಳ ಲಾಂಡ್ರಿ. ಒಗೆಯುವುದು ಅವಳು, ಇಸ್ತ್ರಿ ಅವಳ ಗಂಡನದು. ಲಾಡ್ಜಿನ ಹೊದಿಕೆಗಳು, ಆಸ್ಪತ್ರೆಯ ಹಸಿರು ಅಂಗಿಗಳು, ಮನೆಮನೆಯ ಬಟ್ಟೆಗಳು, ಎಲ್ಲಕ್ಕೂ ನೀರು ಬೇಕು. ನಲ್ಲಿ ಕೊಡುವ ನೀರು ಮುಖ ತೊಳೆಯುವುದಕ್ಕೆ ಸಾಕು. ಉಳಿದದ್ದನ್ನು ಟ್ಯಾಂಕರಿನಿಂದ ಕೊಳ್ಳಬೇಕು. ಹೀಗೇ ಆದರೆ ಮಳೆಗಾಲ ಬರುವ ಮೊದಲೇ ಲಾಂಡ್ರಿಗೆ ಬೀಗ ಹಾಕಬೇಕು ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು. ಅದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಏಳು ಗಂಟೆಗೆ ಟ್ಯಾಂಕರ್ ಬಂತು. ಅವತ್ತು ಚಾಲಕನ ಪಕ್ಕದಲ್ಲಿ ಮಾಲೀಕನೇ ಕೂತಿದ್ದ. ಊರಿನ ಆರೂ ಟ್ಯಾಂಕರ್ ಅವನವೇ. ಜನ ಅವನನ್ನು ಟ್ಯಾಂಕರಣ್ಣ ಎನ್ನುತ್ತಿದ್ದರು, ಕೇಳಿದರೆ ಅವನಿಗೂ ಖುಷಿ.

"ಅಕ್ಕಾ, ಇವತ್ತು ಎರಡು ಡ್ರಮ್ಮು ಜಾಸ್ತಿ ಹಾಕಿಸ್ತಿದೀನಿ. ದುಡ್ಡು ಬೇಡ."

ಲಾಂಡ್ರಿಯಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಯಾಕೆ?"

"ಯಾಕೆ ಅಂದ್ರೇನಕ್ಕಾ? ಅಕ್ಕ ತಮ್ಮ ಅಂದ್ಮೇಲೆ ಲೆಕ್ಕ ಇಟ್ಕೊಳ್ಳೋಕಾಗುತ್ತಾ?"

"ಹೋದ ತಿಂಗಳು ಅರ್ಧ ಡ್ರಮ್ಮಿಗೂ ಇಟ್ಟಿದ್ರಲ್ಲ."

ಅವನು ಹೊಟ್ಟೆ ಕುಣಿಸಿ ನಕ್ಕ. "ನಿಮ್ಮ ಬಾಯಿಗೆ ಸೋತೆ. ನೋಡಿ, ಸರ್ಕಾರ ನಮ್ಮೂರಿಗೆ ದೊಡ್ಡ ನೀರಿನ ಟ್ಯಾಂಕ್ ಮಂಜೂರು ಮಾಡಿದೆ. ಎಲ್ಲಿ ಕಟ್ಟೋದು ಅಂತ ಭಾನುವಾರ ಸಭೆ ಇದೆ. ಲಾರಿ ಮೈದಾನದ ಪಕ್ಕ ನನ್ನ ಜಾಗಾನೇ ಬಿಟ್ಟಿ ಕೊಡ್ತಿದೀನಿ. ನೀವು ಬಂದು ಕೈ ಎತ್ತಿದ್ರೆ ಆಯ್ತು. ಇನ್ನೊಂದು ಜಾಗ ಯಾವುದು ಗೊತ್ತಲ್ಲ? ನಿಮ್ಮ ಹಿತ್ತಲ ಹಿಂದಿನ ದಿಬ್ಬ. ಅಲ್ಲಿ ಕಟ್ಟಿದ್ರೆ ನೀವು ಬಟ್ಟೆ ಎಲ್ಲಿ ಒಣಗಿಸ್ತೀರಾ?"

ಅದು ಅವಳಿಗೆ ನಾಟಿತು. ದಿಬ್ಬದ ಮೇಲೆ ಅವಳ ಹಗ್ಗಗಳಿದ್ದವು. ಗಾಳಿ, ಬಿಸಿಲು ಎರಡೂ ಚೆನ್ನಾಗಿ ಸಿಗುವ ಜಾಗ. ಜಾಗ ಊರಿನದೇ ಆದರೂ ಹದಿನೈದು ವರ್ಷದಿಂದ ಅಲ್ಲಿ ಒಣಗುತ್ತಿದ್ದದ್ದು ಅವಳ ಬಟ್ಟೆ.

ಟ್ಯಾಂಕರ್ ಮುಂದೆ ಹೋಯಿತು. ತುಂಬಿದ ಡ್ರಮ್ಮುಗಳನ್ನು ನೋಡುತ್ತ ಅವಳು ಗಂಡನನ್ನು ಕೇಳಿದಳು. "ಅಲ್ಲಾ ರೀ, ನೀರು ಮಾರಿ ಬದುಕೋ ಮನುಷ್ಯ. ಮನೆಮನೆಗೂ ನೀರು ಬಂದ್ರೆ ಅವನ ಟ್ಯಾಂಕರ್ ತುಕ್ಕು ಹಿಡಿಯುತ್ತೆ. ಅಂಥವನು ಟ್ಯಾಂಕಿಗೆ ಬಿಟ್ಟಿ ಜಾಗ ಕೊಡ್ತಾನಾ?"

"ಒಳ್ಳೆ ಬುದ್ಧಿ ಬಂದಿರಬಹುದು."

"ಬುದ್ಧಿ ಬರೋ ವಯಸ್ಸಾ ಅದು?"

"ನಿಂಗೆ ಯಾರ ಮೇಲೆ ಅನುಮಾನ ಇಲ್ಲ ಹೇಳು! ಅಂಗಿ ಜೇಬಲ್ಲಿ ಚೀಟಿ ಸಿಕ್ಕಿದ್ರೆ ಅಂಗಿ ಮೇಲೂ ಅನುಮಾನ."

ಅವಳು ಡ್ರಮ್ಮಿಗೆ ಮುಚ್ಚಳ ಹಾಕಿದಳು. ಅನುಮಾನ ಹೋಗಲಿಲ್ಲ. ಆದರೆ ಡ್ರಮ್ಮು ತುಂಬಿತ್ತು, ಹಗ್ಗ ಉಳಿಯುವಂತಿತ್ತು. ಹಾಗಾಗಿ ಅನುಮಾನವನ್ನು ಮಡಿಚಿ ಪಕ್ಕಕ್ಕಿಟ್ಟಳು.

ಸಂಜೆ ನಾದಿನಿ ಬಂದಳು. ಗಂಡನ ತಂಗಿ, ಪಕ್ಕದ ಬೀದಿಯಲ್ಲೇ ಮನೆ, ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಚಪ್ಪಲಿ ಬಿಡುವಾಗಲೇ ಮಾತು ಶುರು.

"ಅತ್ತಿಗೆ, ಊರ ಕಚೇರಿ ಗೋಡೆಗೆ ಟ್ಯಾಂಕಿನ ನಕ್ಷೆ ಅಂಟಿಸಿದಾರೆ, ನೋಡಿದ್ಯಾ?"

"ನಮ್ಮ ಗೋಡೆ ಧೂಳು ಹೊಡೆಯೋಕೇ ಪುರುಸೊತ್ತಿಲ್ಲ, ಊರ ಗೋಡೆ ನಾನ್ಯಾಕೆ ನೋಡ್ಲಿ?"

"ನೋಡ್ಬೇಕು. ಲಾರಿ ಮೈದಾನದಲ್ಲಿ ನೆಲದ ಮೇಲೇ ಟ್ಯಾಂಕು, ಮೂರು ಮೀಟರ್ ಆಳ. ಅದರ ತಳದಲ್ಲಿ ಒಂದು ದಪ್ಪ ಪೈಪು, ಟ್ಯಾಂಕರ್ ತುಂಬಿಸೋಕೆ. 'ತುರ್ತು ಬಳಕೆಗೆ' ಅಂತ ಬರೆದಿದಾರೆ. ತುರ್ತು ಯಾರಿಗೆ ಅಂತ ಬರೆದಿಲ್ಲ. ಅಷ್ಟೇ ಅಲ್ಲ, ಮೈದಾನ ನಿಮ್ಮ ಬೀದಿಗಿಂತ ತಗ್ಗಲ್ಲಿದೆ ಅಂತ ನಂಗನ್ನಿಸುತ್ತೆ. ತಗ್ಗಲ್ಲಿ ನೀರು ಕೂಡಿಟ್ರೆ ಅದು ತಾನಾಗೇ ನಿನ್ನ ನಲ್ಲಿಗೆ ಹತ್ತುತ್ತಾ?"

"ತಗ್ಗು ಎಲ್ಲಿ ಬಂತು? ಮೋರಿ ದಾಟಿದ ಮೇಲೆ ಮೈದಾನದ ತನಕ ಏರೇ. ಗಂಟು ಹೊತ್ತು ಹೋಗೋಳು ನಾನು, ಏದುಸಿರು ಬಿಡೋಳೂ ನಾನು. ನಂಗೆ ಗೊತ್ತಿಲ್ವಾ?"

"ಮೋರಿಗೆ ಇಳೀತೀಯ, ಆಮೇಲೆ ಹತ್ತುತೀಯ. ಹತ್ತಿದ್ದು ನೆನಪಿರುತ್ತೆ, ಇಳಿದದ್ದು ನೆನಪಿರಲ್ಲ. ದಿಬ್ಬದ ಮೇಲಾದ್ರೆ ಆ ಗೊಂದಲವೇ ಇಲ್ಲ."

ಲಾಂಡ್ರಿಯಕ್ಕ ನಾದಿನಿಯ ಮುಖವನ್ನೇ ನೋಡಿದಳು. ಬೆಳಿಗ್ಗೆ ಮಡಿಚಿಟ್ಟ ಅನುಮಾನ ಬಿಚ್ಚಿಕೊಂಡಿತು, ಆದರೆ ಈಗ ಅದರ ಮುಖ ಬೇರೆ ಕಡೆಗಿತ್ತು.

"ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡ. ಮೈದಾನದ ಹತ್ತಿರ ದೊಡ್ಡ ಪೈಪ್ ಆಗ್ಲೇ ಇದೆ. ದಿಬ್ಬಕ್ಕಾದ್ರೆ ಹೊಸದಾಗಿ ಅಷ್ಟುದ್ದ ಎಳೀಬೇಕು. ಈ ಊರಲ್ಲಿ ಪೈಪಿನ ಅಂಗಡಿ ಇಟ್ಟಿರೋದು ಯಾರು?"

ಒಳಗೆ ಇಸ್ತ್ರಿ ಪೆಟ್ಟಿಗೆ ನಿಂತಿತು. ಪೈಪಿನ ಅಂಗಡಿ ನಾದಿನಿಯ ಗಂಡನದು.

ನಾದಿನಿಯ ಕಿವಿ ಕೆಂಪಾಯಿತು. ಎದ್ದು ಹೋಗುತ್ತಾಳೆ ಎಂದುಕೊಂಡರೆ, ಅವಳು ಇನ್ನೂ ಸರಿಯಾಗಿ ಕೂತಳು.

"ನೀನು ಕೇಳಿದ್ದು ಸರಿಯಾಗೇ ಇದೆ. ನಮಗೂ ಅದರಲ್ಲಿ ಲಾಭ ಇದೆ. ಹಾಗಾಗಿ ನನ್ನ ಮಾತೂ ನಂಬಬೇಡ, ಟ್ಯಾಂಕರಣ್ಣನ ಮಾತೂ ನಂಬಬೇಡ. ಅಳೆದು ನೋಡೋಣ. ನೀನೇ ಕೋಲು ಹಿಡಿ, ನೀನೇ ಓದು."

"ಎತ್ತರ ಅಳೆಯೋಕೆ ನಾನೇನು ಇಂಜಿನಿಯರಾ?"

"ಮೇಸ್ತ್ರಿ ಹತ್ರ ಲೆವೆಲ್ ಪೈಪ್ ಇರುತ್ತೆ. ಅದು ಸಾಕು."

"ನಿಮ್ಮ ಅಂಗಡೀದು ಬೇಡ. ಅದು ನಿಮ್ಮ ಕಡೇನೇ ಹೇಳುತ್ತೆ."

ಒಳಗಿನಿಂದ ಗಂಡ ಕೂಗಿದ. "ನೋಡಮ್ಮಾ ತಂಗಿ, ಈಗ ಪೈಪಿನ ಮೇಲೂ ಅನುಮಾನ!"

ಎದುರು ಮನೆಯ ಮಹಡಿ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡು ಬಂದ. ಲೆವೆಲ್ ಪೈಪ್ ಎಂದರೆ ಬೆರಳು ದಪ್ಪದ, ಒಳಗಿನ ನೀರು ಕಾಣಿಸುವ ಉದ್ದನೆಯ ಪ್ಲಾಸ್ಟಿಕ್ ಪೈಪು. ನೀರು ತುಂಬಿ ಎರಡೂ ತುದಿ ಎತ್ತಿ ಹಿಡಿದರೆ, ನಡುವೆ ಗೋಡೆಯಿರಲಿ ಹಳ್ಳವಿರಲಿ, ಎರಡು ಕಡೆಯೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ಇಲ್ಲಿ ನೆಲದಿಂದ ಎಷ್ಟು ಎತ್ತರ, ಅಲ್ಲಿ ಎಷ್ಟು ಎತ್ತರ ಎಂದು ಕೋಲಿನ ಮೇಲೆ ಓದಿಕೊಂಡರೆ ನೆಲದ ಏರಿಳಿತ ತಿಳಿಯುತ್ತದೆ. ಪೈಪ್ ಮುಟ್ಟುವಷ್ಟು ದೂರ ಅಳೆದು, ಅಲ್ಲಿಂದ ಮತ್ತೆ ಮುಂದಕ್ಕೆ ಅಳೆಯುತ್ತ ಹೋಗಬೇಕು.

"ನೀರು ಕೊಡಿ, ಅಕ್ಕಾ," ಎಂದ ಮೇಸ್ತ್ರಿ.

ಲಾಂಡ್ರಿಯಕ್ಕ ಡ್ರಮ್ಮಿನ ಕಡೆ ನೋಡಿದಳು, ಬಟ್ಟೆ ಜಾಲಿಸಿದ ತೊಟ್ಟಿಯ ಕಡೆ ನೋಡಿದಳು. ಒಳ್ಳೆಯ ನೀರನ್ನು ಬೀದಿಯಲ್ಲಿ ಎಳೆದಾಡುವ ಪೈಪಿಗೆ ಸುರಿಯುವುದಕ್ಕೆ ಅವಳಿಗೆ ಕೈ ಬರಲಿಲ್ಲ. ತೊಟ್ಟಿಯಿಂದ ಒಂದು ಬಕೆಟ್ ಎತ್ತಿಕೊಟ್ಟಳು. ಪೈಪ್ ತುಂಬಿತು.

ಬೀದಿಯ ಕೊನೆಯ ನಲ್ಲಿಯ ಬಾಯಿಂದ ಶುರುಮಾಡಿದರು. ಒಂದು ಕೋಲು ಅವಳ ಕೈಯಲ್ಲಿ, ಇನ್ನೊಂದು ಮೇಸ್ತ್ರಿಯ ಕೈಯಲ್ಲಿ. ನಾದಿನಿಯದು ಬರೆದುಕೊಳ್ಳುವ ಕೆಲಸ ಮಾತ್ರ, ಪೈಪ್ ಮುಟ್ಟಬಾರದು ಎಂದು ಕಟ್ಟಪ್ಪಣೆ. ಮೋರಿಗೆ ಇಳಿದರು, ಮೈದಾನಕ್ಕೆ ಹತ್ತಿದರು. ಟ್ಯಾಂಕರಿನ ಚಾಲಕ ಲಾರಿಯ ನೆರಳಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ.

ನಾದಿನಿ ಕೂಡಿಸಿ ಕಳೆದಳು. ಮುಖ ಸಪ್ಪಗಾಯಿತು. "ಮೈದಾನ ನಲ್ಲಿಗಿಂತ ಅರ್ಧ ಮೀಟರ್ ಮೇಲಿದೆ."

"ನಾನು ಹೇಳ್ಲಿಲ್ವಾ? ಕಾಲಿಗೆ ಗೊತ್ತಿರೋದು ಪುಸ್ತಕಕ್ಕೆ ಗೊತ್ತಿರಲ್ಲ ಕಣೇ."

"ಇರು ಅತ್ತಿಗೆ. ವಾಪಸ್ ಅಳೀತಾ ಹೋಗೋಣ. ಹೋಗುವಾಗ ಬಂದದ್ದೇ ಬರುವಾಗಲೂ ಬರ್ಬೇಕು. ಬಂದ್ರೆ ನಾನು ಸೋತೆ, ನಾಳೆ ಮೈದಾನಕ್ಕೇ ಕೈ ಎತ್ತುತೀನಿ."

ವಾಪಸ್ ಅಳೆದರು. ಈ ಸಲ ಮೈದಾನ ನಲ್ಲಿಗಿಂತ ಒಂದು ಮೀಟರ್ ಕೆಳಗೆ ಎಂದು ಬಂತು.

"ಇದೇನು, ನಾವು ತಿರುಗಿ ಬರೋದ್ರೊಳಗೆ ಮೈದಾನ ಕುಸಿದುಬಿಡ್ತಾ?" ಎಂದ ಮೇಸ್ತ್ರಿ.

ಲಾಂಡ್ರಿಯಕ್ಕ ಪೈಪನ್ನು ಬಿಸಿಲಿಗೆ ಎತ್ತಿ ಹಿಡಿದಳು. ಒಳಗೆ ಅಲ್ಲಲ್ಲಿ ಬಿಳಿ ತುಂಡುಗಳು. ಅವಳು ದಿನವೂ ಮೊಣಕೈವರೆಗೆ ಅದ್ದಿಕೊಳ್ಳುವ ವಸ್ತು ಅದು, ಗುರುತು ಸಿಗದೆ ಇರುತ್ತದೆಯೇ?

"ನೊರೆ," ಎಂದಳು. "ಸೋಪಿನ ನೀರು ತುಂಬಿಸಿಬಿಟ್ಟೆ ನಾನು. ಅಲ್ಲಾಡಿದ ಹಾಗೆಲ್ಲ ನೊರೆ ಕಟ್ಟಿದೆ."

ಮೇಸ್ತ್ರಿ ಹಣೆ ಚಚ್ಚಿಕೊಂಡ. "ನಂಗೂ ಹೊಳೀಲಿಲ್ಲ ನೋಡಿ! ಪೈಪಲ್ಲಿ ಗಾಳಿ ಸೇರಿದ್ರೆ ಮಟ್ಟ ಸುಳ್ಳು ಹೇಳುತ್ತೆ."

ಅವಳು ಒಳಗೆ ಹೋಗಿ ಅಡುಗೆಮನೆಯ ಕೊಡದಿಂದಲೇ ನೀರು ತಂದಳು. ಪೈಪ್ ತೊಳೆದು, ನಿಧಾನವಾಗಿ ತುಂಬಿ, ಗುಳ್ಳೆ ಒಂದೂ ಉಳಿಯದ ಹಾಗೆ ತಟ್ಟಿ ತಟ್ಟಿ ಹೊರಗೆ ಹಾಕಿದರು. ಮತ್ತೆ ಹೋದರು, ಮತ್ತೆ ಬಂದರು. ಹೋಗುವಾಗ ಎರಡು ಮೀಟರ್ ಹನ್ನೊಂದು ಸೆಂಟಿಮೀಟರ್ ಕೆಳಗೆ. ಬರುವಾಗ ಎರಡು ಮೀಟರ್ ಒಂಬತ್ತು ಸೆಂಟಿಮೀಟರ್ ಕೆಳಗೆ.

"ಎರಡು ಮೀಟರ್ ಹತ್ತು ಅಂತಿಟ್ಕೋ," ಎಂದಳು ನಾದಿನಿ. "ಟ್ಯಾಂಕಿನ ಆಳ ಮೂರು ಮೀಟರ್. ಅಂದ್ರೆ ಮೇಲಿನ ತೊಂಬತ್ತು ಸೆಂಟಿಮೀಟರ್ ನೀರು ಮಾತ್ರ ನಿನ್ನ ನಲ್ಲಿಗಿಂತ ಎತ್ತರದಲ್ಲಿರುತ್ತೆ. ಕೆಳಗಿನ ಎರಡು ಮೀಟರ್ ಹತ್ತು, ನೀನು ತಲೆಕೆಳಗಾಗಿ ನಿಂತ್ರೂ ತಾನಾಗಿ ಬರಲ್ಲ."

"ತಳದಲ್ಲಿ ಆ ದಪ್ಪ ಪೈಪ್ ಇದೆಯಲ್ಲ," ಎಂದಳು ಲಾಂಡ್ರಿಯಕ್ಕ ನಿಧಾನವಾಗಿ. "ಅದಕ್ಕೆ ತಳದ ನೀರೂ ಸಿಗುತ್ತೆ."

"ಹತ್ತರಲ್ಲಿ ಏಳು ಪಾಲು."

"ಮೊದಲು ಅವನು ತುಂಬ್ಕೊಂಡು ಹೋದ್ರೆ ಮೇಲಿನ ಮೂರು ಪಾಲೂ ಕೆಳಗಿಳಿಯುತ್ತೆ." ಅವಳು ಡ್ರಮ್ಮಿನ ಕಡೆ ತಿರುಗಿದಳು. "ಸರ್ಕಾರ ಕೂಡಿಟ್ಟ ನೀರನ್ನೇ ತುಂಬ್ಕೊಂಡು ಬಂದು ನಮಗೇ ಮಾರ್ತಾನೆ. ಎರಡು ಡ್ರಮ್ಮು ಬಿಟ್ಟಿ ಕೊಟ್ಟದ್ದು ಅದಕ್ಕಾ?"

ಮೇಸ್ತ್ರಿ ಕೆಮ್ಮಿದ. "ನಿಮಗೆ ಎರಡಾ? ನಂಗೆ ಮೂರು ಹಾಕಿಸ್ದ. ಎದುರು ಮನೆಗೂ ಎರಡು."

ಲಾಂಡ್ರಿಯಕ್ಕನಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ತಾನೊಬ್ಬಳೇ ಅಕ್ಕ ಎಂದುಕೊಂಡಿದ್ದಳು. ಬೀದಿ ತುಂಬ ಅಕ್ಕಂದಿರಿದ್ದರು.

ಭಾನುವಾರ ಶಾಲೆಯ ಸಭಾಂಗಣ ತುಂಬಿತ್ತು. ಊರ ಕಚೇರಿಯ ಅಧ್ಯಕ್ಷರು ಟ್ಯಾಂಕರಣ್ಣನ ದೊಡ್ಡ ಮನಸ್ಸನ್ನು ಹೊಗಳಿದರು. ಪಕ್ಕದಲ್ಲಿ ನೀರು ಸರಬರಾಜಿನ ಇಂಜಿನಿಯರ್ ಕನ್ನಡಕ ಒರೆಸುತ್ತ ಕೂತಿದ್ದರು. "ಲಾರಿ ಮೈದಾನಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ" ಎನ್ನುವಷ್ಟರಲ್ಲಿ ಲಾಂಡ್ರಿಯಕ್ಕ ಎದ್ದು ನಿಂತಳು. ಬೆಂಚನ್ನು ಹಿಡಿದುಕೊಂಡಳು.

"ಕೈ ಎತ್ತೋಕೆ ಮುಂಚೆ ನಂದೊಂದು ಮಾತು. ದಿಬ್ಬದ ಮೇಲೆ ನನ್ನ ಬಟ್ಟೆ ಹಗ್ಗ ಇದೆ. ಅಲ್ಲಿ ಟ್ಯಾಂಕ್ ಬಂದ್ರೆ ನಂಗೆ ನಷ್ಟ. ಟ್ಯಾಂಕರಣ್ಣನಿಂದ ಎರಡು ಡ್ರಮ್ಮು ಬಿಟ್ಟಿ ನೀರು ತಗೊಂಡಿದೀನಿ, ಅದೂ ನಿಜ. ನನ್ನ ನಾದಿನಿ ಮನೇಲಿ ಪೈಪಿನ ಅಂಗಡಿ ಇದೆ, ಅದೂ ಗೊತ್ತಿರ್ಲಿ. ಇಷ್ಟನ್ನೂ ಹೇಳ್ಬಿಟ್ಟು ಕೇಳ್ತೀನಿ. ಮೈದಾನದ ಟ್ಯಾಂಕಿನ ತಳ ನಮ್ಮ ಬೀದಿ ನಲ್ಲಿಗಿಂತ ಮೇಲಿದೆಯಾ, ಕೆಳಗಿದೆಯಾ?"

ನಾದಿನಿಯ ಗಂಡ ಹಿಂದಿನ ಸಾಲಿನಲ್ಲಿ ಎದ್ದ. "ಈ ಕೆಲಸಕ್ಕೆ ನನ್ನ ಅಂಗಡಿಯಿಂದ ಒಂದು ಮೊಳ ಪೈಪೂ ಮಾರಲ್ಲ. ಬರ್ಕೊಳ್ಳಿ," ಎಂದು ಕೂತ. ಹಾಗೆನ್ನುವಾಗ ಅವನ ಮುಖ ಹುಳಿ ತಿಂದಂತಿತ್ತು.

ಟ್ಯಾಂಕರಣ್ಣ ಮುಂದಿನ ಸಾಲಿನಿಂದ ತಿರುಗಿ ನೋಡಿದ. "ಅಕ್ಕಾ, ಸೋಪಿನ ನೀರಲ್ಲಿ ಊರು ಅಳೆದ್ರಂತೆ! ಊರು ಬೆಳ್ಳಗಾಯ್ತಾ?"

ಸಭೆ ಗೊಳ್ಳೆಂದಿತು. ಲಾರಿಯ ನೆರಳಲ್ಲಿ ಕೂತಿದ್ದ ಚಾಲಕ ಸುಮ್ಮನೆ ಕೂತಿರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ನಗು ನಿಲ್ಲುವವರೆಗೆ ಕಾದಳು.

"ಹೌದು, ಮೊದಲ ಸಲ ಸೋಪಿನ ನೀರು. ತಪ್ಪು ನಂದೇ. ತಪ್ಪಾಗಿದೆ ಅಂತ ಹೇಗೆ ಗೊತ್ತಾಯ್ತು ಹೇಳಿ? ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅಳೆದ್ವಿ. ಆಮೇಲೆ ಒಳ್ಳೆ ನೀರು ತುಂಬಿಸಿ ಮತ್ತೆರಡು ಸಲ ಅಳೆದ್ವಿ. ಮೈದಾನ ಎರಡು ಮೀಟರ್ ಹತ್ತು ಸೆಂಟಿಮೀಟರ್ ಕೆಳಗಿದೆ. ನೀವು ಎಷ್ಟು ಸಲ ಅಳೆಸಿದ್ರಿ, ಅಣ್ಣಾ?"

ಟ್ಯಾಂಕರಣ್ಣ ಅಧ್ಯಕ್ಷರ ಮುಖ ನೋಡಿದ, ಅಧ್ಯಕ್ಷರು ಇಂಜಿನಿಯರ್ ಮುಖ ನೋಡಿದರು. ಇಂಜಿನಿಯರ್ ಮುಂದಿದ್ದ ನಕ್ಷೆಯನ್ನು ಮತ್ತೊಮ್ಮೆ ನೋಡಿ ಕನ್ನಡಕ ಹಾಕಿಕೊಂಡರು.

"ಅಳೆದಿಲ್ಲಮ್ಮ," ಎಂದರು. "ಜಾಗ ಬಿಟ್ಟಿ ಸಿಗುತ್ತೆ ಅಂತ ಬೇಗ ಮುಗಿಸೋ ಆತುರದಲ್ಲಿ ಕಣ್ಣಂದಾಜಲ್ಲೇ ಹಾಕಿದೀವಿ. ಅಳೀಬೇಕಿತ್ತು. ನಾಳೆ ಬೆಳಿಗ್ಗೆ ಉಪಕರಣ ತರ್ತೀನಿ. ಎಲ್ಲರೂ ಬನ್ನಿ, ನಿಮ್ಮೆದುರಿಗೇ ಅಳೀತೀನಿ."

"ನೀರು ಮೇಲೇರದಿದ್ರೆ ಮೋಟಾರ್ ಹಾಕೋಣ, ಅದಕ್ಕೇನಂತೆ?" ಎಂದ ಟ್ಯಾಂಕರಣ್ಣ.

"ಕರೆಂಟ್ ಹೋದ ದಿನ?" ಎಂದಳು ಹಿಂದಿನಿಂದ ಯಾರೋ ಹೆಂಗಸು.

"ಆ ದಿನ ಟ್ಯಾಂಕರ್ ಬರುತ್ತೆ ಬಿಡು!" ಎಂದ ಗಾರೆ ಮೇಸ್ತ್ರಿ. ಈ ಸಲ ಸಭೆ ನಕ್ಕದ್ದು ಬೇರೆಯವರನ್ನು ನೋಡಿ.

ಸೋಮವಾರ ಬೆಳಿಗ್ಗೆ ಊರಿನವರೆದುರು ಇಂಜಿನಿಯರ್ ಮೂರು ಕಾಲಿನ ಉಪಕರಣ ನಿಲ್ಲಿಸಿದರು. ಎರಡು ಮೀಟರ್ ಹನ್ನೆರಡು ಸೆಂಟಿಮೀಟರ್ ಕೆಳಗೆ ಎಂದು ಬಂತು. ಲೆವೆಲ್ ಪೈಪಿಗೂ ಆ ಉಪಕರಣಕ್ಕೂ ಎರಡೇ ಸೆಂಟಿಮೀಟರ್ ವ್ಯತ್ಯಾಸ. ಬಿಟ್ಟಿ ಜಾಗ ಬೇಡವೆಂದು ಅಲ್ಲೇ ಸೇರಿದ ಸಭೆ ತೀರ್ಮಾನಿಸಿತು. ಟ್ಯಾಂಕ್ ದಿಬ್ಬದ ಮೇಲೆ, ಟ್ಯಾಂಕರ್ ತುಂಬಿಸುವ ಪೈಪ್ ಇಲ್ಲದೆ ಎಂದು ಎಲ್ಲರೆದುರು ಬರೆದುಕೊಂಡರು.

ಮರುದಿನದಿಂದಲೇ ಬಿಟ್ಟಿ ಡ್ರಮ್ಮು ನಿಂತಿತು. ಲಾಡ್ಜಿನ ಹೊದಿಕೆಗಳು ಬರುವುದೂ ನಿಂತಿತು. ಲಾಡ್ಜು ಟ್ಯಾಂಕರಣ್ಣನ ಭಾವಮೈದುನನದು. ಮೂರು ತಿಂಗಳು ಲಾಂಡ್ರಿಯಕ್ಕ ಹಲ್ಲು ಕಚ್ಚಿಕೊಂಡು ಅಂಗಡಿ ನಡೆಸಿದಳು. ಹಗ್ಗಗಳು ದಿಬ್ಬದಿಂದ ಮನೆಯ ತಾರಸಿಗೆ ಬಂದವು. ಅಲ್ಲಿ ಗಾಳಿ ಕಡಿಮೆ, ಬಟ್ಟೆ ಒಣಗುವುದು ತಡ. ಗಂಡ ಒಮ್ಮೆ "ಸುಮ್ಮನೆ ಕೈ ಎತ್ತಿದ್ರೆ ಆಗ್ತಿತ್ತೇನೋ" ಎಂದ. ಅವಳು ಆಸ್ಪತ್ರೆಯ ಒದ್ದೆ ಅಂಗಿಯೊಂದನ್ನು ಅವನ ತಲೆಯ ಮೇಲೇ ಒಣಹಾಕಿದಳು.

ಟ್ಯಾಂಕ್ ಕಟ್ಟುವಷ್ಟು ದಿನವೂ ಅವಳು ದಿಬ್ಬಕ್ಕೆ ಹೋಗಿಬರುತ್ತಿದ್ದಳು. ಸಿಮೆಂಟ್ ಚೀಲ ಕಡಿಮೆ ಇಳಿದರೆ ಕೇಳುವಳು, ಹೊಸ ಪೈಪ್ ಬಂದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವಳು. ನಾದಿನಿಯನ್ನು ಕಂಡರೂ "ಇದು ನಿಮ್ಮ ಅಂಗಡೀದಲ್ಲ ತಾನೇ?" ಎನ್ನುವಳು. "ಅಲ್ಲ ಅತ್ತಿಗೆ, ನೀನೇ ಬಂದು ಗುರುತು ನೋಡು," ಎಂದು ನಾದಿನಿ ನಗುವಳು. ಅವಳು ಹೋಗಿ ನೋಡುವಳು ಕೂಡ.

ನೀರು ಬಿಟ್ಟ ಮೊದಲ ದಿನ ಇಡೀ ಊರಿನಲ್ಲಿ ಕರೆಂಟ್ ಇರಲಿಲ್ಲ. ಮೇಲಿನ ಬೀದಿಯ ಕೊನೆಯ ನಲ್ಲಿ ಕೆಮ್ಮಲಿಲ್ಲ, ಸೀನಲೂ ಇಲ್ಲ. ಬಕೆಟ್ ತುಂಬಿ ಹೊರಚೆಲ್ಲಿದ್ದನ್ನು ಗಂಡ ಹೆಂಡತಿ ಇಬ್ಬರೂ ನಿಂತು ನೋಡಿದರು. ಆಮೇಲೆ ನೀರು ಪೋಲಾಗುತ್ತಿದೆ ಎಂದು ನೆನಪಾಗಿ ಇಬ್ಬರೂ ಒಟ್ಟಿಗೆ ನಲ್ಲಿಗೆ ಕೈ ಹಾಕಿದರು. ಲಾಂಡ್ರಿಗೆ ಬೀಗ ಹಾಕುವ ಮಾತು ಕೊನೆಗೂ ಯಾರ ಬಾಯಿಂದಲೂ ಬರಲಿಲ್ಲ.

ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿಗೂ ನಾಳೆ ಟ್ಯಾಂಕ್ ಮಂಜೂರಾಗಬಹುದು. ಆ ಹಣ ಸರ್ಕಾರದ್ದು, ಅಂದರೆ ನಿಮ್ಮದೇ. ಸಭೆಗೆ ಹೋಗಿ. ಗೋಡೆಗೆ ಅಂಟಿಸಿದ ನಕ್ಷೆ ನೋಡಿ, ಅರ್ಥವಾಗದಿದ್ದರೆ ಅರ್ಥವಾಗುವ ತನಕ ಕೇಳಿ. ಟ್ಯಾಂಕ್ ಅಲ್ಲಿ ಬಂದರೆ ಯಾರಿಗೆ ಲಾಭ ಎಂದು ವಿಚಾರಿಸಿ. ನಿಮಗೇ ಲಾಭವಿದ್ದರೆ, ನಷ್ಟವಿದ್ದರೆ, ಅದನ್ನೂ ಮೊದಲು ನೀವೇ ಹೇಳಿಬಿಡಿ. ಸಭೆಯ ಹಿಂದಿನ ವಾರ ಬಿಟ್ಟಿ ಏನಾದರೂ ಮನೆ ಬಾಗಿಲಿಗೆ ಬಂದರೆ, ಯಾಕೆ ಬಂತು ಎಂದು ಒಮ್ಮೆ ಯೋಚಿಸಿ. ಅನುಮಾನ ಪಡುವುದು ತಪ್ಪಲ್ಲ, ಅನುಮಾನವನ್ನು ಅಳೆಯದೆ ಬಿಡುವುದು ತಪ್ಪು. ಅಳೆಯುವಾಗ ಪೈಪಿಗೆ ಒಳ್ಳೆಯ ನೀರನ್ನೇ ತುಂಬಿ, ಹೋಗುವಾಗಲೂ ಬರುವಾಗಲೂ ಅಳೆಯಿರಿ.

ದಿಬ್ಬದ ಟ್ಯಾಂಕಿನ ತಳವನ್ನು ಲಾಂಡ್ರಿಯಕ್ಕ, ನಾದಿನಿ, ಮೇಸ್ತ್ರಿ ಸೇರಿ ಕೊನೆಗೊಮ್ಮೆ ಅಳೆದರು. ಬೀದಿಯ ಕೊನೆಯ ನಲ್ಲಿಯ ಬಾಯಿಗಿಂತ ಅದು ಐದು ಮೀಟರ್ ಅರವತ್ತು ಸೆಂಟಿಮೀಟರ್ ಮೇಲಿದೆ.